ಕಲೆಟ್ (ಹಳೇ ಗಾಜಿನ ಚೂರು) ಶೇ 30ರಿಂದ 60ಕ್ಕೆ ಏರಿಸಿದ ಮೇಲೆ ಜಾಡಿಗಳಲ್ಲಿ ಗುಳ್ಳೆ, ಕಲ್ಲು, ಸೀಳು

ಪ್ರಶ್ನೆ – ಜಾಡಿಮನೆ
ಬಣ್ಣವಿಲ್ಲದ 300 ಮಿಲಿ ಜಾಡಿ, ಮಾಮೂಲಿ ಸೋಡಾ-ಸುಣ್ಣದ ಗಾಜು. ಹಳೇ ಬಾಟಲಿ ಚೂರಿನ ಪ್ರಮಾಣ ಶೇ 30ರಿಂದ 60ಕ್ಕೆ ಏರಿಸಿದ್ದೇವೆ. ಚೂರು ಬೇಗ ಕರಗುತ್ತದಲ್ಲ ಎಂದು ಕುಲುಮೆಯ ತಾಪವನ್ನೂ 30 ಡಿಗ್ರಿ ಇಳಿಸಿದೆವು. ಈಗ ಗಾಜಿನ ತುಂಬ ಸಣ್ಣ ಗುಳ್ಳೆ, ನಸು ಹಸಿರು ಛಾಯೆ. ಕೆಲವು ಜಾಡಿಗಳಲ್ಲಿ ಕಾಳಿನಂಥ ಕಲ್ಲು. ಅಂಥವು ಮಾರನೇ ದಿನ ಇಟ್ಟಲ್ಲೇ ಸೀಳುತ್ತವೆ. ಲೆಹರ್ (ಜಾಡಿಗಳನ್ನು ಮೆಲ್ಲಗೆ ತಣಿಸುವ ಒಲೆ) ನಿಧಾನ ಮಾಡಿದರೂ ಸೀಳು ನಿಂತಿಲ್ಲ. ಚೂರು ತೊಳೆಯುವುದಿಲ್ಲ, ಮ್ಯಾಗ್ನೆಟ್ ಒಂದೇ ಇದೆ.

ಉತ್ತರ – ಕುಲುಮೆಕಾವಲು
ಲೆಹರ್ ಅನ್ನು ಮೊದಲಿನ ವೇಗಕ್ಕೇ ತನ್ನಿ ಸರ್. ತಪ್ಪು ಅಲ್ಲಿದ್ದರೆ ಕಲ್ಲಿಲ್ಲದ ಜಾಡಿಯೂ ಸೀಳಬೇಕಿತ್ತು. ಒಡೆದ ಚೂರನ್ನು 10 ಪಟ್ಟು ಭೂತಗನ್ನಡಿಯಲ್ಲಿ ನೋಡಿ. ಬೆಳ್ಳಗೆ, ಅಂಚು ಒರಟಾಗಿದ್ದರೆ ಪಿಂಗಾಣಿ ಅಥವಾ ಕಲ್ಲು. ಕುಲುಮೆಯ 1500 ಡಿಗ್ರಿಯಲ್ಲೂ ಅದು ಪೂರ್ತಿ ಕರಗುವುದಿಲ್ಲ. ದುಂಡಗೆ, ಬೂದು ಲೋಹದ ಹೊಳಪಿದ್ದರೆ ಅದು ಸಿಲಿಕಾನ್ ಮಣಿ, ಮೂಲ ಅಲ್ಯೂಮಿನಿಯಂ.

ಉತ್ತರ – ಮರಳುಲೆಕ್ಕ
ಗುಳ್ಳೆ, ಹಸಿರು ಎರಡಕ್ಕೂ ಬೇರು ಒಂದೇ: ಲೇಬಲ್ ಕಾಗದ, ಅಂಟು, ಸಕ್ಕರೆ ಜಿಡ್ಡು ತರುವ ಇಂಗಾಲ. ಅದು ಗಾಜಿನ ಕಬ್ಬಿಣವನ್ನು ಅಪಕರ್ಷಿಸಿ (ಅದರ ಆಮ್ಲಜನಕ ಕಿತ್ತು) ಹಸಿರು-ನೀಲಿ ಛಾಯೆ ಕೊಡುತ್ತದೆ. ಕೊನೆಯಲ್ಲಿ ಗುಳ್ಳೆ ಹೊರಡಿಸಬೇಕಾದ ಸೋಡಿಯಂ ಸಲ್ಫೇಟನ್ನೂ ಮೊದಲೇ ತಿಂದುಬಿಡುತ್ತದೆ. ನೀವು ಸಲ್ಫೇಟನ್ನು ಮರಳಿನ ತೂಕದ ಲೆಕ್ಕದಲ್ಲಿ ಹಾಕುತ್ತಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ. 1 ಕಿಲೋ ಚೂರು ಸುಮಾರು 1.2 ಕಿಲೋ ಕಚ್ಚಾಮಾಲಿಗೆ ಸಮ. 100 ಕಿಲೋ ಗಾಜಿಗೆ ಮೊದಲು 84 ಕಿಲೋ ಕಚ್ಚಾಮಾಲು, ಈಗ 48. ಸಲ್ಫೇಟ್ ಕೂಡ ಅದೇ ಪ್ರಮಾಣದಲ್ಲಿ ಇಳಿಯಿತು, ಇಂಗಾಲ ಇಮ್ಮಡಿಯಾಯಿತು. ಮೇಲಿಂದ ತಾಪ ಬೇರೆ ಇಳಿಸಿದಿರಿ. ಗಾಜು ಮಂದವಾದರೆ ಗುಳ್ಳೆ ಏಳುವುದೆಲ್ಲಿಂದ?

ತಾಪ ಹಳೆಯದಕ್ಕೇ ಏರಿಸಿ, ಚೂರು ತೊಳೆಯಿರಿ, ಸಲ್ಫೇಟ್ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ. ಒಮ್ಮೆಲೇ ಸುರಿದರೆ ನೊರೆ ಬರುತ್ತದೆ, ನೊರೆ ಕವಿದರೆ ಶಾಖ ಕೆಳಗಿಳಿಯುವುದಿಲ್ಲ. ಇಂಧನದ ಉಳಿತಾಯ ಎಲ್ಲೂ ಹೋಗುವುದಿಲ್ಲ: ಪ್ರತಿ ಶೇ 10 ಚೂರಿಗೆ ಶೇ 2.5ರಿಂದ 3. ಗಾಜು ತಿಳಿಯಾದ ಮೇಲೆ ತಾಪ 5 ಡಿಗ್ರಿಯಂತೆ ಇಳಿಸಿ ನೋಡಿ.

ಜಾಡಿಮನೆ
ನೋಡಿದೆ. ಹತ್ತರಲ್ಲಿ ಏಳು ದುಂಡು ಮಣಿ, ಸುತ್ತ ನಕ್ಷತ್ರದ ಹಾಗೆ ಬಿರುಕು. ಆದರೆ ಅಲ್ಯೂಮಿನಿಯಂ ಮುಚ್ಚಳಗಳನ್ನೆಲ್ಲ ಆರಿಸಿ ತೆಗೆದೇ ಚೂರು ಹಾಕುತ್ತೇವಲ್ಲ?

ಉತ್ತರ – ಕುಲುಮೆಕಾವಲು
ಮುಚ್ಚಳ ತಿರುಗಿಸಿ ತೆಗೆದರೂ ಕೆಳಗಿನ ಉಂಗುರ ಬಾಟಲಿಯ ಕೊರಳಲ್ಲೇ ಉಳಿಯುತ್ತದೆ, ಅದೇ ನಿಮ್ಮ ಕಳ್ಳ. ಅಲ್ಯೂಮಿನಿಯಂ ಸಿಲಿಕಾದ ಆಮ್ಲಜನಕ ಕಿತ್ತುಕೊಂಡು ಸಿಲಿಕಾನ್ ಬಿಡುತ್ತದೆ, 1 ಗ್ರಾಂಗೆ ಸುಮಾರು 0.78 ಗ್ರಾಂ. ಸಿಲಿಕಾನ್ 1414 ಡಿಗ್ರಿಗೆ ಕರಗುವುದರಿಂದ ಕುಲುಮೆಯಲ್ಲಿ ಹನಿಯಾಗಿ ದುಂಡಗಾಗುತ್ತದೆ. ತಣಿಯುವಾಗ ಗಾಜು ಅದರ ಮೂರು ಪಟ್ಟಿಗೂ ಹೆಚ್ಚು ಕುಗ್ಗುತ್ತದೆ, ಅಲ್ಲೇ ಬಿರುಕು.

ಮ್ಯಾಗ್ನೆಟ್ ಇದನ್ನು ಹಿಡಿಯದು, ಮ್ಯಾಗ್ನೆಟ್‌ಗೆ ಅಂಟದ ಲೋಹವನ್ನು ಚಿಮ್ಮಿಸಿ ಬೇರ್ಪಡಿಸುವ ಎಡ್ಡಿ ಕರೆಂಟ್ ಯಂತ್ರ ಬೇಕು. ಅದಕ್ಕೂ ಮುಂಚೆ ಕೊರಳು ಒಡೆದು ಉಂಗುರ ಬಿಡಬೇಕು: ಪುಡಿಮಾಡುವುದು, ಜರಡಿ, ಮ್ಯಾಗ್ನೆಟ್, ಎಡ್ಡಿ ಕರೆಂಟ್, ಆಮೇಲೆ ಕ್ಯಾಮೆರಾ ಸಾರ್ಟರ್ (ಕ್ಯಾಮೆರಾದಲ್ಲಿ ನೋಡಿ ಪಿಂಗಾಣಿ, ಕಲ್ಲು ಬೇರ್ಪಡಿಸುವ ಯಂತ್ರ). ಬೆಲ್ಟ್ ಮೇಲೆ ಚೂರು ಒಂದೇ ಪದರ ಇರಲಿ. ಗಾತ್ರ 10ರಿಂದ 40 ಮಿ.ಮೀ. ಸಾಕು, ತೀರಾ ನುಣ್ಣಗಾದರೆ ಪಿಂಗಾಣಿ ಸಾರ್ಟರ್ ಕಣ್ಣಿಗೆ ಬೀಳುವುದಿಲ್ಲ, ಪುಡಿಯ ಸಂದಿನ ಗಾಳಿ ಮತ್ತೆ ಗುಳ್ಳೆಯಾಗುತ್ತದೆ.

ಉತ್ತರ – ಮರಳುಲೆಕ್ಕ
ಓವನ್ ಪಾತ್ರೆ, ಲ್ಯಾಬ್ ಬೀಕರ್ ಕೈಯಲ್ಲೇ ಆರಿಸಿ ತೆಗೆಸಿ. ಆ ಗಾಜಿನ ಜಾತಿಯೇ ಬೇರೆ, ಬೆರೆತರೆ ಎಳೆಎಳೆಯಾಗಿ ಕಾಣುತ್ತದೆ. ಹಸಿರು ಚೂರಿನಲ್ಲಿ ಕ್ರೋಮಿಯಂ ಇರುತ್ತದೆ, ಬಣ್ಣವಿಲ್ಲದ ಜಾಡಿಗೆ ಬೇಡ. ಅಂದಹಾಗೆ, ಜಾಡಿಯ ತೂಕವೇ ವಿಪರೀತವಿದ್ದು ಗಾಜು ಹೆಚ್ಚು ಕರಗಿಸಬೇಕಾದರೆ ಶೇ 60 ಚೂರು ಹಾಕಿ ಪರಿಸರಸ್ನೇಹಿ ಎಂದು ಲೇಬಲ್ ಅಂಟಿಸುವುದು ಅರ್ಧ ಸತ್ಯವೇ. ಗೋಡೆ ಎಲ್ಲಿ ದಪ್ಪವಿದೆ, ಒಂದು ಜಾಡಿ ಕತ್ತರಿಸಿ ಅಳೆದು ಇಲ್ಲಿ ಹಾಕಿ.