ಸ್ಕೂಟರ್ ಮುಂದಿನ ಡಿಸ್ಕ್ ಪ್ಯಾಡ್ ಮನೇಲೇ ಬದಲಾಯಿಸ್ತಿದೀನಿ, ಪಿಸ್ಟನ್ ಒಳಗೆ ಹೋಗ್ತಿಲ್ಲ

ಹಳೇಗಾಡಿ:
125 ಸಿಸಿ ಸ್ಕೂಟರ್, ಮುಂದೆ ಡಿಸ್ಕ್, ಹಿಂದೆ ಡ್ರಮ್, ಕಾಂಬಿ ಬ್ರೇಕ್ (ಎಡ ಲಿವರ್ ಒತ್ತಿದ್ರೆ ಎರಡೂ ಚಕ್ರ ಹಿಡಿಯೋದು). 19,000 ಕಿ.ಮೀ. ಆಗಿದೆ. ಪ್ಯಾಡಿನ ಮಸಾಲೆ (ಡಿಸ್ಕಿಗೆ ಉಜ್ಜೋ ಪದರ) ಒಂದು ಕಡೆ ಒಂದೂವರೆ ಮಿ.ಮೀ. ಉಳಿದಿದೆ, ಇನ್ನೊಂದು ಕಡೆ ಹೆಚ್ಚುಕಮ್ಮಿ ತಗಡೇ ಕಾಣ್ತಿದೆ. ಕ್ಯಾಲಿಪರ್ (ಪ್ಯಾಡ್ ಹಿಡಿದಿರೋ ಭಾಗ) ಬಿಚ್ಚಿ ಹಳೇ ಪ್ಯಾಡ್ ತೆಗೆದೆ. ಹೊಸದು ದಪ್ಪ ಇರೋದ್ರಿಂದ ಡಿಸ್ಕ್ ಮೇಲೆ ಕೂರ್ತಿಲ್ಲ, ಹೆಬ್ಬೆರಳಲ್ಲಿ ಒತ್ತಿದ್ರೆ ಪ್ಯಾಡನ್ನ ಡಿಸ್ಕಿಗೆ ತಳ್ಳೋ ಪಿಸ್ಟನ್ ಅಲ್ಲಾಡ್ತಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಬಹುದಾ? ಕೆಲಸ ಮುಗಿದ ಮೇಲೆ ಬ್ಲೀಡಿಂಗ್ (ಬ್ರೇಕ್ ಪೈಪಿನ ಗಾಳಿ ತೆಗೆಯೋದು) ಮಾಡಲೇಬೇಕಾ?

ಪಾನಾಪೆಟ್ಟಿಗೆ:
ಗುರು, ಮೀಟೋಕೆ ಮುಂಚೆ ಪಿಸ್ಟನ್ ಮೈ ನೋಡಿ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬಂದು ನಿಂತಿರುತ್ತೆ. ಆ ಹೊರಗಿನ ಭಾಗಕ್ಕೆ ಪ್ಯಾಡಿನ ಪುಡಿ, ರಸ್ತೆ ಮಣ್ಣು ಮೆತ್ತಿ ಗಟ್ಟಿಯಾಗಿರುತ್ತೆ. ಹಾಗೇ ಒಳಗೆ ತಳ್ಳಿದ್ರೆ ಆ ಕೊಳೆ ಸೀಲಿನ ಅಂಚಿಗೆ ಸಿಕ್ಕಿಕೊಳ್ಳುತ್ತೆ. ಇವತ್ತು ಬ್ರೇಕ್ ಚೆನ್ನಾಗೇ ಹಿಡಿಯುತ್ತೆ, ತಿಂಗಳು ಕಳೆದ ಮೇಲೆ ಪಿಸ್ಟನ್ ವಾಪಸ್ ಬರದೆ ಚಕ್ರ ಬಿಗಿಯೋಕೆ ಶುರು.

ಹಳೇ ಟೂತ್‌ಬ್ರಷ್, ಸೋಪು ನೀರು ತಗೊಂಡು ಪಿಸ್ಟನ್ ಸುತ್ತ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಹೊಸ ಬ್ರೇಕ್ ಆಯಿಲ್ ಒಂದು ಹನಿ ಸವರಿ. ಪೆಟ್ರೋಲ್, ಡೀಸೆಲ್, ಡಬ್ಲ್ಯೂಡಿ-40 ಹತ್ತಿರಕ್ಕೂ ತರಬೇಡಿ, ಸೀಲಿನ ರಬ್ಬರ್ ಊದಿಕೊಳ್ಳುತ್ತೆ. ಪುಡೀನ ಬಾಯಲ್ಲಿ ಊದೋದಾಗ್ಲಿ ಏರ್ ಹೊಡೆಯೋದಾಗ್ಲಿ ಬೇಡ, ಅದು ಉಸಿರಿಗೆ ಹೋಗೋ ವಸ್ತು ಅಲ್ಲ.

ಆಮೇಲೆ ಹ್ಯಾಂಡಲ್ ಮೇಲಿನ ಆಯಿಲ್ ಡಬ್ಬಿ ಮುಚ್ಚಳ ತೆಗೀರಿ. ಪಿಸ್ಟನ್ ಒಳಗೆ ಹೋದಷ್ಟೂ ಆಯಿಲ್ ಮೇಲಕ್ಕೆ ಏರುತ್ತೆ. ಪ್ಯಾಡ್ ಸವೆದಾಗ ಮಟ್ಟ ಇಳಿಯೋದು ಸಹಜ. ಅದನ್ನ ನೋಡಿ ಮಧ್ಯದಲ್ಲಿ ಯಾರಾದ್ರೂ ಟಾಪ್ ಅಪ್ ಮಾಡಿದ್ರೆ ಈಗ ಉಕ್ಕಿ ಚೆಲ್ಲುತ್ತೆ. ಮೊದಲೇ ಸಿರಿಂಜಲ್ಲಿ ಸ್ವಲ್ಪ ಹೀರಿ ತೆಗೆದು, ಸುತ್ತ ಒದ್ದೆ ಬಟ್ಟೆ ಸುತ್ತಿಡಿ. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತೆ, ಬಿದ್ರೆ ಆ ಕ್ಷಣವೇ ನೀರು ಹಾಕಿ ತೊಳೀರಿ. ಮುಚ್ಚಳದ ಸ್ಕ್ರೂಗಳ ತಲೆ ಬೇಗ ಹಾಳಾಗುತ್ತೆ, ಸರಿಯಾದ ಅಳತೆಯ ಸ್ಟಾರ್ ಸ್ಕ್ರೂಡ್ರೈವರ್ ಇಟ್ಟು ಹಿಂದಿನಿಂದ ಒಂದೆರಡು ಸಣ್ಣ ಪೆಟ್ಟು ಕೊಟ್ಟು ತಿರುಗಿಸಿ.

ತಳ್ಳೋದಕ್ಕೆ ಸ್ಕ್ರೂಡ್ರೈವರ್ ನೇರವಾಗಿ ಪಿಸ್ಟನ್‌ಗೆ ಇಡಬೇಡಿ, ಗೀರು ಬಿದ್ರೆ ಅಲ್ಲಿಂದಲೇ ಸೋರುತ್ತೆ. ಹಳೇ ಪ್ಯಾಡನ್ನ ಪಿಸ್ಟನ್ ಮೇಲೆ ಅಡ್ಡ ಇಟ್ಟು ಸಿ-ಕ್ಲಾಂಪ್‌ನಲ್ಲಿ ನಿಧಾನ ಬಿಗಿಸಿ. ಎರಡು ಪಿಸ್ಟನ್ ಇದ್ರೆ ಒಂದನ್ನ ಒತ್ತಿದಾಗ ಇನ್ನೊಂದು ಹೊರಗೆ ಬರುತ್ತೆ, ಅದನ್ನೂ ಹಿಡಿದಿರಬೇಕು. ಪ್ಯಾಡ್ ಇಲ್ಲದಾಗ ಬ್ರೇಕ್ ಲಿವರ್ ಯಾರೂ ಮುಟ್ಟಬಾರದು, ಮಕ್ಕಳಿದ್ರೆ ಮೊದಲೇ ಹೇಳಿಡಿ. ಪಿಸ್ಟನ್ ಪೂರ್ತಿ ಹೊರಗೆ ಬಿದ್ರೆ ಮನೆ ಕೆಲಸ ಅಲ್ಲಿಗೆ ಮುಗೀತು. ಕಾಂಬಿ ಗಾಡಿ ಬೇರೆ, ಎಡಗಡೆ ಲಿವರ್ ಒತ್ತಿದ್ರೂ ಮುಂದಿನ ಪಿಸ್ಟನ್ ಚಲಿಸುತ್ತೆ.

ಬ್ಲೀಡಿಂಗ್ ಬೇಕಾಗಿಲ್ಲ. ಪೈಪ್ ಬಿಚ್ಚಿಲ್ಲ, ಗಾಳಿ ಹೋಗೋ ದಾರಿ ಇಲ್ಲ.

ಘಟ್ಟದಕೆಳಗೆ:
ಮೇಲಿನವರು ಹೇಳಿದ್ದು ಸರಿ. ಆದರೆ ಪ್ರಶ್ನೆಯಲ್ಲೇ ಇನ್ನೊಂದು ರೋಗ ಇದೆ. ಒಂದು ಪ್ಯಾಡ್ ಪೂರ್ತಿ ಸವೆದು ಇನ್ನೊಂದು ಉಳಿದಿದೆ ಅಂದರೆ ಕ್ಯಾಲಿಪರ್ ಜಾರುವ ಪಿನ್ನುಗಳು ಹಿಡಿದುಕೊಂಡಿವೆ ಎಂಬ ಅನುಮಾನ ಮೊದಲು ಬರಬೇಕು. ಒಂದೇ ಬದಿಯಲ್ಲಿ ಪಿಸ್ಟನ್ ಇರುವ ಕ್ಯಾಲಿಪರ್ ಪಕ್ಕಕ್ಕೆ ಸರಿದರೆ ಮಾತ್ರ ಎರಡೂ ಪ್ಯಾಡ್ ಸಮವಾಗಿ ಕಚ್ಚುವುದು. ಪಿನ್ ಹಿಡಿದಿದ್ದರೆ ಹೊಸ ಪ್ಯಾಡ್ ಕೂಡ ಹೀಗೇ ಸವೆಯುತ್ತದೆ. ಕರಾವಳಿ, ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗಳಿಗೆ ಇದು ಮಾಮೂಲು: ರಬ್ಬರ್ ಬೂಟ್ ಹರಿದು ನೀರು ಹೊಕ್ಕು ಪಿನ್ ತುಕ್ಕು ಹಿಡಿಯುತ್ತದೆ.

ಬ್ರಾಕೆಟ್ ಹಿಡಿದು ಕ್ಯಾಲಿಪರನ್ನು ಕೈಯಲ್ಲಿ ಆಚೀಚೆ ಸರಿಸಿ ನೋಡಿ, ಸಲೀಸಾಗಿ ಜಾರಬೇಕು. ಇಲ್ಲದಿದ್ದರೆ ಎಳೆದು ಬಿಡಿಸಿ, ಹಳೆಯ ಗ್ರೀಸ್ ಒರೆಸಿ, ತುಕ್ಕನ್ನು ನಯವಾದ ಉಪ್ಪುಕಾಗದದಿಂದ ತೆಗೆದು, ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಬೇಡ, ಬೂಟ್ ಊದಿ ಪಿನ್ನನ್ನು ಮತ್ತೆ ಹಿಡಿಯುತ್ತದೆ. ಬೂಟ್ ಹರಿದಿದ್ದರೆ ಬದಲಾಯಿಸಿ. ಪ್ಯಾಡ್ ತೂರಿರುವ ಪಿನ್ನಿನಲ್ಲಿ ಗುಳಿ ಬಿದ್ದಿದ್ದರೆ ಅದೂ ಹೊಸದಾಗಲಿ.

ತಗಡು ಡಿಸ್ಕಿಗೆ ಉಜ್ಜಿದೆಯೇ ನೋಡಿ. ಉಗುರಿಗೆ ಸಿಗುವಂಥ ಆಳದ ಗೀರು ಇದ್ದರೆ ದಪ್ಪ ಅಳೆಯಬೇಕು. ಕನಿಷ್ಠ ದಪ್ಪ ಡಿಸ್ಕಿನ ಮೇಲೆಯೇ ಕೊರೆದಿರುತ್ತದೆ. ಅದಕ್ಕಿಂತ ಕಡಿಮೆಯಾಗಿದ್ದರೆ ಹೊಸ ಪ್ಯಾಡ್ ಹಾಕಿ ಪ್ರಯೋಜನವಿಲ್ಲ.

ಆಯಿಲ್ ಎರಡು ವರ್ಷಕ್ಕಿಂತ ಹಳೆಯದಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಈಗಲೇ ಬದಲಾಯಿಸಿಬಿಡಿ, ಆಗ ಬ್ಲೀಡಿಂಗ್ ಬೇಕೇ ಬೇಕು. ಇದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಸ್ಕೂಟರಿನಲ್ಲಿ ಗೇರ್ ಇಳಿಸಿ ಇಂಜಿನ್ ಹಿಡಿತದಲ್ಲಿ ಇಳಿಯುವ ಅನುಕೂಲವಿಲ್ಲ. ಆಗುಂಬೆ, ಚಾರ್ಮಾಡಿ ಇಳಿಯುವಾಗ ಹೆಚ್ಚಿನ ಭಾರ ಬ್ರೇಕಿನ ಮೇಲೆಯೇ. ಆಯಿಲ್ ಕುದಿದು ಗುಳ್ಳೆ ಎದ್ದರೆ ಲಿವರ್ ಹ್ಯಾಂಡಲ್‌ವರೆಗೆ ಬರುತ್ತದೆ, ಬ್ರೇಕ್ ಮಾತ್ರ ಹಿಡಿಯುವುದಿಲ್ಲ. ಮುಚ್ಚಳದ ಮೇಲೆ ಡಾಟ್ 3 ಅಥವಾ 4 ಎಂದು ಏನು ಬರೆದಿದೆಯೋ ಅದನ್ನೇ ಹಾಕಿ. ಡಾಟ್ 5 ಸಿಲಿಕೋನ್ ಆಯಿಲ್, ಇವುಗಳ ಜೊತೆ ಬೆರೆಸಬಾರದು.

ಹಳೇಗಾಡಿ:
ಪಿನ್ ಒಂದು ನಿಜವಾಗ್ಲೂ ಹಿಡಿದಿತ್ತು. ತಿಕ್ಕಿ ಗ್ರೀಸ್ ಹಾಕಿದೆ. ಪಿಸ್ಟನ್ ಕೂಡ ಒಳಗೆ ಹೋಯ್ತು, ಡಿಸ್ಕ್ ಸರಿಯಿದೆ. ಫಿಟ್ಟಿಂಗ್ ಬಗ್ಗೆ ಏನಾದ್ರೂ?

ಪಾನಾಪೆಟ್ಟಿಗೆ:
ಕ್ಯಾಲಿಪರ್ ಒಳಗಿನ ಸ್ಪ್ರಿಂಗ್ ತಗಡು ಬಿದ್ದಿಲ್ಲ ತಾನೇ? ಅದಿಲ್ಲದಿದ್ರೆ ಪ್ಯಾಡ್ ಗಡಗಡ ಅನ್ನುತ್ತೆ. ಹಳೇ ಪ್ಯಾಡ್ ಬೆನ್ನಿಗೆ ಶಿಮ್ (ತೆಳು ತಗಡು) ಇದ್ರೆ ಹೊಸದಕ್ಕೆ ಹಾಕಿ. ಮಸಾಲೆ ಇರೋ ಮುಖಕ್ಕೆ ಗ್ರೀಸ್ ಕೈ ತಾಗಬಾರದು, ಡಿಸ್ಕನ್ನ ಬ್ರೇಕ್ ಕ್ಲೀನರಲ್ಲಿ ಒರೆಸಿ. ಎಣ್ಣೆ ಕುಡಿದ ಪ್ಯಾಡ್ ತೊಳೆದ್ರೂ ಸರಿಹೋಗಲ್ಲ.

ಪ್ಯಾಡ್ ಪಿನ್ ಅಲೆನ್ ಬೋಲ್ಟ್ ಆಗಿದ್ರೆ ಮೊದಲು ಕೈಯಲ್ಲಿ ಹತ್ತಿಸಿ, ಕ್ಯಾಲಿಪರ್ ಫೋರ್ಕ್‌ಗೆ ಕೂರಿಸಿದ ಮೇಲೆ ಬಿಗಿಸಿ. ಗಾಳಿಯಲ್ಲಿ ಹಿಡಿದು ಬಿಗಿಸಿದ್ರೆ ಕೀ ಜಾರಿ ತಲೆ ಸವೆಯುತ್ತೆ. ಕ್ಯಾಲಿಪರ್‌ನ 8 ಮಿ.ಮೀ. ಬೋಲ್ಟ್‌ಗಳಿಗೆ ಸುಮಾರು 25ರಿಂದ 30 ನ್ಯೂಟನ್ ಮೀಟರ್ ಬಿಗಿ ಸಾಮಾನ್ಯ, ನಿಮ್ಮ ಗಾಡಿ ಮ್ಯಾನ್ಯುಯಲ್‌ನಲ್ಲಿ ಬೇರೆ ಇದ್ರೆ ಅದೇ ಲೆಕ್ಕ. ಉದ್ದ ಪಾನಾ ಹಾಕಿ ಜಗ್ಗಬೇಡಿ.

ಡಬ್ಬಿಲಿ ಆಯಿಲ್ ಮೇಲಿನ ಗೆರೆ ದಾಟದ ಹಾಗೆ ನೋಡಿ ಮುಚ್ಚಿ, ಗಾಡಿ ಅಲುಗಿಸೋಕೆ ಮುಂಚೆ ಲಿವರ್ ಗಟ್ಟಿಯಾಗೋ ತನಕ ಒತ್ತಿ ಬಿಡಿ, ಒತ್ತಿ ಬಿಡಿ. ಮೊದಲ ಕೆಲವು ಒತ್ತು ಪೂರ್ತಿ ಖಾಲಿ ಹೋಗುತ್ತೆ. ಇದನ್ನ ಮರೆತು ಗೇಟ್ ದಾಟಿದ್ರೆ ಮೊದಲ ಬ್ರೇಕೇ ಇರಲ್ಲ. ಖಾಲಿ ರಸ್ತೇಲಿ 40ರ ವೇಗದಿಂದ 10ಕ್ಕೆ ಮೆತ್ತಗೆ ಇಳಿಸಿ, ಹತ್ತು ಹನ್ನೆರಡು ಸಲ, ನಡುವೆ ಆರೋಕೆ ಬಿಡಿ. ಮೊದಲ 200 ಕಿ.ಮೀ. ಜೋರು ಬ್ರೇಕ್ ಬೇಡ, ಮುಂದಿನ ಗಾಡಿಗೆ ಅಂತರ ಜಾಸ್ತಿ ಇಡಿ.

ಹಳೇಗಾಡಿ:
ಹಾಕಿಯಾಯ್ತು, ಲಿವರ್ ಗಟ್ಟಿ ಬಂತು. ಡಬಲ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿ ತಿರುಗಿಸಿದ್ರೆ ಒಂದು ಸುತ್ತೂ ಹೋಗ್ತಿಲ್ಲ.

ಘಟ್ಟದಕೆಳಗೆ:
ಸಣ್ಣಗೆ ಉಜ್ಜುವ ಸದ್ದು ಬಂದರೆ ಚಿಂತೆಯಿಲ್ಲ, ಬಿಗಿ ಇರಬಾರದು. ನಿಮ್ಮದರಲ್ಲಿ ನನಗೆ ಮೊದಲ ಅನುಮಾನ ಎಡ ಲಿವರಿನಿಂದ ಮುಂದಿನ ಬ್ರೇಕಿಗೆ ಬರುವ ಕಾಂಬಿ ಕೇಬಲ್ ಮೇಲೆ. ಪ್ಯಾಡ್ ಸವೆದು ಬ್ರೇಕ್ ಸಡಿಲ ಅನ್ನಿಸಿದಾಗ ಯಾರೋ ಕೇಬಲ್ ಬಿಗಿ ಮಾಡಿರುತ್ತಾರೆ. ಅದು ಮಾಸ್ಟರ್ ಸಿಲಿಂಡರನ್ನು (ಲಿವರ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ಸದಾ ಸ್ವಲ್ಪ ಒತ್ತಿಯೇ ಇಟ್ಟರೆ ಆಯಿಲ್ ಡಬ್ಬಿಗೆ ಮರಳುವ ಸಣ್ಣ ತೂತು ಮುಚ್ಚಿಕೊಳ್ಳುತ್ತದೆ. ಓಡುತ್ತಾ ಬಿಸಿಯಾದಂತೆ ಆಯಿಲ್ ಹಿಗ್ಗಿ ಬ್ರೇಕ್ ತಾನಾಗಿಯೇ ಕಚ್ಚುತ್ತದೆ. ಎಡಗಡೆ ಲಿವರಿಗೆ ಸ್ವಲ್ಪ ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮುಂಚಿನ ಖಾಲಿ ಆಟ) ಬರುವಷ್ಟು ಕೇಬಲ್ ಸಡಿಲಿಸಿ ನೋಡಿ.

ಆಗಲೂ ಬಿಗಿ ಇದ್ದರೆ ಕ್ಯಾಲಿಪರಿನ ಗಾಳಿ ಹೊರಬಿಡುವ ಬ್ಲೀಡರ್ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ ಕಾಲು ಸುತ್ತು ಬಿಚ್ಚಿ, ತಕ್ಷಣ ಮುಚ್ಚಿ. ಒಂದು ಹನಿ ಚಿಮ್ಮಿ ಚಕ್ರ ಹಗುರವಾದರೆ ತೊಂದರೆ ಮೇಲೆ, ಲಿವರ್, ಕೇಬಲ್ ಅಥವಾ ಮಾಸ್ಟರ್ ಸಿಲಿಂಡರಿನಲ್ಲಿ. ಚಕ್ರ ಹಾಗೇ ಬಿಗಿ ಇದ್ದರೆ ಕ್ಯಾಲಿಪರಿನಲ್ಲಿ: ಪಿಸ್ಟನ್ ಸೀಲ್, ಜಾರುವ ಪಿನ್, ಇಲ್ಲವೇ ಸ್ಪ್ರಿಂಗ್ ತಗಡು ಅಡ್ಡ ಕೂತು ಪ್ಯಾಡ್ ಓರೆಯಾಗಿದೆ.

ಹಳೇಗಾಡಿ:
ಕೇಬಲ್ಲೇ. ಅಡ್ಜಸ್ಟರ್ ಮೂರು ಸುತ್ತು ಬಿಟ್ಟೆ, ಚಕ್ರ ಆರಾಮಾಗಿ ತಿರುಗ್ತಿದೆ.