ಪದಚರ್ಚೆ: ಬಾಯ್ಲರ್ ಟ್ಯೂಬಿನ ‘ಮಸಿ’ಗೆ ಕರಾವಳಿಯಲ್ಲಿ ಏನನ್ನಬೇಕು?

ನಮಸ್ಕಾರ.

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಮೀನು ಬಾರದಿದ್ದರೆ ಫಿಶ್‌ಮೀಲ್ (ಮೀನಿನ ಹುಡಿ) ಫ್ಯಾಕ್ಟರಿಗಳಿಗೂ ಕೆಲಸವಿಲ್ಲ, ಬಾಯ್ಲರಿಗೆ ಬೆಂಕಿಯೂ ಇಲ್ಲ. ಕಲ್ಲಿದ್ದಲಿನ ಬಾಯ್ಲರನ್ನು ಈ ಎರಡು ತಿಂಗಳು ತುಕ್ಕು ಹಿಡಿಯದಂತೆ ಇಡುವುದು ಹೇಗೆ ಅಂತ ಕೆಲಸದವರಿಗಾಗಿ ಒಂದು ಪುಟ ಬರೆಯುತ್ತಿದ್ದೇನೆ, ಬಾಯ್ಲರ್ ಕೋಣೆಯ ಗೋಡೆಗೆ ಅಂಟಿಸಲಿಕ್ಕೆ. ಮೊದಲ ಸಾಲಿನಲ್ಲೇ ತಕರಾರು ಬಂದಿದೆ.

ಸಾಲು ಇದು: ‘ಟ್ಯೂಬುಗಳಲ್ಲಿರುವ ಮಸಿಯನ್ನು ಪೂರ್ತಿ ತೆಗೆಯಿರಿ.’ ನಾನು ಹೇಳಹೊರಟದ್ದು ಬೆಂಕಿಯ ಹೊಗೆ ಹಾಯುವ ಕೊಳವೆಗಳ ಒಳಗೆ ಹತ್ತುವ ಕಪ್ಪು ಪುಡಿಯನ್ನು. ಬೈಕಂಪಾಡಿ ಕಡೆ ಬಾಯ್ಲರ್ ನೋಡಿಕೊಳ್ಳುವ ಒಬ್ಬರಿಗೆ ಓದಿ ಹೇಳಿದೆ. ‘ಮಸಿ ಎಲ್ಲಿಂದ ಮಾರಾಯ್ರೆ? ನಾವು ಹಾಕುದು ಕಲ್ಲಿದ್ದಲು ಅಲ್ವಾ?’ ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ತುಳುವಿನಲ್ಲೂ ನಮ್ಮ ಊರಿನ ಕನ್ನಡದಲ್ಲೂ ಮಸಿ ಅಂದರೆ ಮೊದಲು ನೆನಪಾಗುವುದು ಇದ್ದಿಲು. ಗೆರಟೆ ಸುಟ್ಟು ಮಾಡಿದ ಮಸಿ, ಇಸ್ತ್ರಿಪೆಟ್ಟಿಗೆಗೆ ತುಂಬುವ ಮಸಿ, ಒಂದು ಕಾಲದಲ್ಲಿ ಹಲ್ಲುಜ್ಜುತ್ತಿದ್ದ ಮಸಿ. ಘಟ್ಟದ ಮೇಲಿನವರಿಗೆ ಅದೇ ಪದ ಶಾಯಿ, ಇಲ್ಲವೇ ಪಾತ್ರೆಯ ಅಡಿಗೆ ಹತ್ತಿದ ಕಪ್ಪು. ‘ಮಸಿ ತೆಗೆಯಿರಿ’ ಅಂತ ಗೋಡೆಯ ಮೇಲೆ ಬರೆದರೆ ಇಲ್ಲಿಯವರು ಒಲೆಯಲ್ಲಿ ಉಳಿದ ಕೆಂಡದ ತುಂಡುಗಳನ್ನು ತೆಗೆದು ಕೈ ತೊಳೆದಾರು. ಟ್ಯೂಬಿನೊಳಗಿನದು ಅಲ್ಲೇ ಇರುತ್ತದೆ.

ಅದು ಅಲ್ಲೇ ಉಳಿಯುವುದೇ ದೊಡ್ಡ ತೊಂದರೆ. ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ. ಉರಿದ ಮೇಲೆ ಅದರ ಒಂದಂಶ ಈ ಕಪ್ಪು ಪುಡಿಯಲ್ಲೂ ಬೂದಿಯಲ್ಲೂ ಸೇರಿಕೊಳ್ಳುತ್ತದೆ. ಬಾಯ್ಲರ್ ಬಿಸಿ ಇರುವಷ್ಟು ದಿನ ಹೆಚ್ಚೇನೂ ಆಗುವುದಿಲ್ಲ. ತಣ್ಣಗಾಯಿತೋ, ಪುಡಿ ಗಾಳಿಯ ಪಸೆಯನ್ನು ಹೀರಿ ಕೆಸರಾಗುತ್ತದೆ, ಆ ಕೆಸರಿನಲ್ಲಿ ಗಂಧಕಾಮ್ಲ ಹುಟ್ಟುತ್ತದೆ. ಹೊರಗೆ ಜೂನ್ ತಿಂಗಳ ಮಳೆ, ಜೊತೆಗೆ ಕಡಲಿನ ಉಪ್ಪುಗಾಳಿ. ಹಾಗಾಗಿ ಬೆಂಕಿಯ ಬದಿಯ, ಅಂದರೆ ಬೆಂಕಿ ಹೊಗೆ ತಾಗುವ ಕಡೆಯ, ಕಬ್ಬಿಣ ಓಡುವ ಬಾಯ್ಲರಿಗಿಂತ ನಿಂತ ಬಾಯ್ಲರಿನಲ್ಲೇ ಬೇಗ ಹಾಳಾಗುತ್ತದೆ. ಟ್ಯೂಬುಗಳಿಗೆ ಬ್ರಶ್ ಹಾಕಿ ಉಜ್ಜಬೇಕು, ವಾಷಿಂಗ್ ಸೋಡ ಕರಗಿಸಿದ ನೀರಿನಲ್ಲಿ ತೊಳೆಯಬೇಕು, ಕೂಡಲೇ ಒಣಗಿಸಿ ಎಣ್ಣೆಯ ತೆಳು ಕೈ ಹಚ್ಚಬೇಕು, ಚಿಮಿಣಿಯ ಬಾಯಿಗೆ ತಗಡು ಮುಚ್ಚಬೇಕು. (ಆಗಸ್ಟಿನಲ್ಲಿ ಬೆಂಕಿ ಹಾಕುವ ಮೊದಲು ತಗಡು ತೆಗೆಯಬೇಕು ಅಂತ ದಪ್ಪಕ್ಷರದಲ್ಲಿ ಬರೆದಿದ್ದೇನೆ.)

ಹಾಗಾದರೆ ಪದ ಯಾವುದು? ‘ಕಾಡಿಗೆ’ ಕಣ್ಣಿಗೆ ಹಚ್ಚುವುದು, ಬಾಯ್ಲರಿಗೆ ಹೊಂದುವುದಿಲ್ಲ. ‘ಇಲ್ಲಣ’ ಅನ್ನುವುದು ಅಡುಗೆಮನೆಯ ಮಾಡಿನಿಂದ ಜೋತಾಡುವ ಹೊಗೆಗಪ್ಪಿಗೆ ಸೊಗಸಾದ ಪದ. ಆದರೆ ಗ್ಯಾಸ್ ಒಲೆಯ ಮುಂದೆ ಬೆಳೆದ ಹುಡುಗರು ಅದನ್ನು ಕೇಳಿರುವುದು ಕಡಿಮೆ. ‘ಹಾರುಬೂದಿ’ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಸುದ್ದಿಗಳಿಂದಾಗಿ ಉಡುಪಿ ಕಡೆ ಎಲ್ಲರ ಬಾಯಲ್ಲಿದೆ, ಆದರೆ ಅದು ಬೂದಿ, ನಾವು ಹುಡುಕುತ್ತಿರುವ ಕಪ್ಪು ಅಲ್ಲ. ನನಗೆ ‘ಕರಿ’ ಹಿಡಿಸಿದೆ. ‘ಪಾತ್ರೆಗೆ ಕರಿ ಹಿಡಿದಿದೆ’ ಅಂತ ಇಲ್ಲಿ ಎಲ್ಲ ಮನೆಗಳಲ್ಲೂ ಹೇಳುತ್ತಾರೆ. ‘ಟ್ಯೂಬಿಗೆ ಹಿಡಿದ ಕರಿ’ ಅಂದರೆ ಯಾರಿಗೂ ಅನುಮಾನ ಬಾರದು ಅಂತ ನನ್ನ ಎಣಿಕೆ. ಬಾಯ್ಲರಿನವರು ಮಾತ್ರ ಇಂಗ್ಲಿಷಿನ ‘ಸೂಟ್’ (soot) ಅಂದೇ ಹೇಳುವುದು. ಅದನ್ನೇ ಬರೆದರೂ ಆದೀತು, ಆದರೆ ಹೊಸದಾಗಿ ಸೇರಿದವರು ಕೋಟು ಸೂಟಿನ ಸೂಟ್ ಅಂತ ನಗುತ್ತಾರೆ.

ಸುಣ್ಣದ ವಿಷಯದಲ್ಲೂ ಇಂಥದೇ ಎಡವಟ್ಟು ಇದೆ. ನೀರಿನ ಬದಿಯನ್ನು, ಅಂದರೆ ಬಾಯ್ಲರಿನಲ್ಲಿ ನೀರು ನಿಲ್ಲುವ ಭಾಗವನ್ನು, ಒಣಗಿಸಿ ಇಡುವುದಾದರೆ ನೀರು ಇಳಿಸಿ, ಪೂರ್ತಿ ಒಣಗಿದ ಮೇಲೆ ಒಳಗೆ ಪಸೆ ಎಳೆಯಲು ತಟ್ಟೆಗಳಲ್ಲಿ ಸುಣ್ಣ ಇಟ್ಟು ಮ್ಯಾನ್‌ಹೋಲ್ (ಆಳು ಇಳಿಯುವ ಬಾಯಿ) ಮುಚ್ಚುವುದು ಹಳೆಯ ಕ್ರಮ. ಬರೇ ‘ಸುಣ್ಣ’ ಅಂತ ಬರೆದರೆ ವೀಳ್ಯದ ಸುಣ್ಣವೋ ಗೋಡೆಗೆ ಬಳಿಯುವ ಸುಣ್ಣವೋ ಬಂದು ಕೂತೀತು. ಎರಡೂ ಆಗಲೇ ನೀರು ಕುಡಿದವು, ಇನ್ನು ಪಸೆ ಎಳೆಯುವುದಿಲ್ಲ. ಬೇಕಾದದ್ದು ಸುಟ್ಟ ಸುಣ್ಣ, ಅರಳದೆ ಇರುವುದು. ‘ಅರಳು’ ಅನ್ನುವ ಕ್ರಿಯಾಪದ ಇಲ್ಲಿ ಒಳ್ಳೆಯ ಕೆಲಸ ಮಾಡುತ್ತದೆ. ಪಸೆ ಎಳೆದಂತೆ ಸುಣ್ಣ ನಿಜವಾಗಿಯೂ ಉಬ್ಬುತ್ತದೆ, ಆದ್ದರಿಂದ ತಟ್ಟೆಯನ್ನು ಬಾಯಿಮಟ್ಟ ತುಂಬಬಾರದು. ನಡುವೆ ತೆಗೆದು ನೋಡಿ, ಅರಳಿ ಹುಡಿಯಾಗಿದ್ದರೆ ಬದಲಿಸಬೇಕು. ನೀರು ತುಂಬಿಸಿಯೇ ಇಡುವ ಕ್ರಮವೂ ಇದೆ: ಗಾಳಿಗೆ ಜಾಗ ಉಳಿಯದಷ್ಟು ನೀರು, ಅದರಲ್ಲಿ ಆಮ್ಲಜನಕ ಹೀರಲು ಸೋಡಿಯಂ ಸಲ್ಫೈಟ್, ಕ್ಷಾರ ಹೆಚ್ಚಿಸಲು ಕಾಸ್ಟಿಕ್ ಸೋಡ. ಅರ್ಧ ನೀರು ಬಿಟ್ಟು ಮನೆಗೆ ಹೋಗುವುದು ಮಾತ್ರ ಯಾವ ಕ್ರಮವೂ ಅಲ್ಲ.

ಇನ್ನೊಂದು, ‘ತುಕ್ಕು ಹಿಡಿದಿದೆ’ ಮತ್ತು ‘ತುಕ್ಕು ತಿಂದಿದೆ’. ಕರಡು ನೋಡಿದ ಗೆಳೆಯರು ಎರಡೂ ಒಂದೇ, ಒಂದನ್ನು ಅಳಿಸಿ ಅಂದರು. ನಾನು ಒಪ್ಪುವುದಿಲ್ಲ. ಹಿಡಿದದ್ದು ಮೇಲೆ ಮೇಲೆ, ಉಜ್ಜಿದರೆ ಹೋಗುತ್ತದೆ. ತಿಂದದ್ದು ಅಂದರೆ ಕಬ್ಬಿಣವೇ ಸವೆದಿದೆ, ಕುಳಿ ಬಿದ್ದಿದೆ, ಟ್ಯೂಬಿನ ದಪ್ಪ ಅಳೆಸದೆ ಬೆಂಕಿ ಹಾಕಬಾರದು. ಅದೇ ಗೆಳೆಯರು ಒಂದು ಕಡೆ ‘ಕಿಲುಬು’ ಸೇರಿಸಿದ್ದರು, ಅದನ್ನು ತೆಗೆದೆ. ಕಿಲುಬು ತಾಮ್ರ ಹಿತ್ತಾಳೆಯದು.

ಕುಂದಾಪುರ, ಕಾರ್ಕಳ ಕಡೆಯ ಅಕ್ಕಿ ಮಿಲ್ಲುಗಳಲ್ಲಿ ಬಾಯ್ಲರಿನ ಜೊತೆ ಕೆಲಸ ಮಾಡಿದವರು ಇಲ್ಲಿ ಇದ್ದರೆ ಕೇಳಬೇಕಿತ್ತು. ಟ್ಯೂಬಿನ ಕಪ್ಪಿಗೆ ನೀವು ಬಾಯಲ್ಲಿ ಏನು ಹೇಳುತ್ತೀರಿ? ‘ಕರಿ’ ಅಂದರೆ ಕುಂದಗನ್ನಡದಲ್ಲಿ ಬೇರೆ ಅರ್ಥ ಬಂದು ಎಡವಟ್ಟಾಗುತ್ತದೆಯೇ? ಇನ್ನು, ಬೆಂಕಿ ಆರಿಸುವುದಕ್ಕೆ ‘ಬಂದ್ ಮಾಡು’ ಇದೆ, ಆದರೆ ಹೀಗೆ ಉಜ್ಜಿ ಒಣಗಿಸಿ ಮಳೆಗಾಲ ಕಳೆಯಲು ಇಡುವುದಕ್ಕೆ ಬಳಕೆಯಲ್ಲಿರುವ ಮಾತು ಇದೆಯೇ? ಸದ್ಯಕ್ಕೆ ‘ಮಳೆಗಾಲಕ್ಕೆ ಕಟ್ಟಿಡುವುದು’ ಅಂತ ಬರೆದಿದ್ದೇನೆ. ಮೇ ಕೊನೆಯ ವಾರ ಅಚ್ಚಿಗೆ ಕೊಡಬೇಕು.