ರೋಮ್ ಅವಶೇಷಗಳ ಫೋಟೊ: ಅಕ್ಟೋಬರ್‌ನಲ್ಲಿ ಯಾವ ಜಾಗಕ್ಕೆ ಯಾವ ಹೊತ್ತು?

ಕ್ಯಾಮೆರಾಚೀಲ: ಅಕ್ಟೋಬರ್ ಮಧ್ಯಕ್ಕೆ ರೋಮ್ ಪ್ರಯಾಣ. ಫುಲ್ ಫ್ರೇಮ್ ಕ್ಯಾಮೆರಾ, 24–70 ಎಂಎಂ ಎಫ್/4, 70–200 ಎಂಎಂ ಲೆನ್ಸ್ ಇವೆ. ಕೊಲೋಸಿಯಂ (ಪುರಾತನ ಬಯಲುರಂಗ), ಫೋರಂ (ಹಳೇ ರೋಮ್‌ನ ಮುಖ್ಯ ಚೌಕದ ಅವಶೇಷ), ಪ್ಯಾಂಥಿಯನ್ (ಗುಮ್ಮಟದ ಪುರಾತನ ದೇಗುಲ), ಇವಕ್ಕೆ ಯಾವ ಹೊತ್ತು ಸರಿ? ಟ್ರೈಪಾಡ್ ಹೊತ್ತುಕೊಂಡು ಹೋಗೋದು ದಂಡವಾ? ಪ್ಯಾಂಥಿಯನ್ ಒಳಗೆ ಕತ್ತಲು, ಮೇಲಿನ ಕಿಂಡಿಯ ಬೆಳಕು ಎರಡನ್ನೂ ಹಿಡಿಯೋದು ಹೇಗೆ?

ಬಿಸಿಲುಲೆಕ್ಕ: ಲೆನ್ಸ್ ಚಿಂತೆ ಆಮೇಲೆ. ಗೋಡೆ ಯಾವ ಕಡೆ ಮುಖ ಮಾಡಿದೆ ಅಂತ ಮೊದಲು ನೋಡಿ. ಕೊಲೋಸಿಯಂನ 48 ಮೀಟರ್ ಎತ್ತರದ ಹೊರಗೋಡೆ ಉಳಿದಿರೋದು ಉತ್ತರದ ಕಡೆ. ದಕ್ಷಿಣದ್ದು 1349ರ ಭೂಕಂಪದಲ್ಲಿ ಕುಸಿಯಿತು. ಅಕ್ಟೋಬರ್‌ನಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದ ಮುಖಕ್ಕೆ ಬಿಸಿಲೇ ಬೀಳಲ್ಲ. ಮೆಟ್ರೊ ನಿಲ್ದಾಣದ ಮೇಲಿನ ಕಟ್ಟೆಯಿಂದ ಮಧ್ಯಾಹ್ನ ತೆಗೆದರೆ ಕಲ್ಲು ಕಪ್ಪು, ಆಕಾಶ ಬಿಳಿಚು.

ಅಲ್ಲಿಗೆ ಸೂರ್ಯ ಮುಳುಗಿ 20–30 ನಿಮಿಷ ಆದ ಮೇಲೆ ಹೋಗಿ. ಕಮಾನುಗಳ ಒಳಗಿನ ದೀಪವೂ ನೀಲಿ ಆಕಾಶವೂ ಆಗ ಒಂದೇ ಮಟ್ಟಕ್ಕೆ ಬರುತ್ತವೆ. ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100, ಎಫ್/8 (ಲೆನ್ಸ್ ಕಿಂಡಿಯ ಅಳತೆ), ಶಟರ್ 2ರಿಂದ 4 ಸೆಕೆಂಡ್. ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆಯ ಸೆಟ್ಟಿಂಗ್) 4000 ಕೆಲ್ವಿನ್ ಆಸುಪಾಸಿನಲ್ಲಿ ಕಟ್ಟಿಹಾಕಿ.

ಬಿಸಿಲೇ ಬೇಕೆಂದರೆ ಸಂಜೆ ಫೋರಂ ಕಡೆಯಿಂದ, ಅಂದರೆ ಪಶ್ಚಿಮದಿಂದ ತೆಗೆಯಿರಿ. ಎತ್ತರದ ಗೋಡೆ ಮುಗಿಯುವ ತುದಿಗೆ 1820ರ ದಶಕದ ಇಟ್ಟಿಗೆಯ ಆಸರೆ ಕಟ್ಟಿದ್ದಾರೆ. ಕೆಂಪು ಇಟ್ಟಿಗೆ, ಬಿಳಿ ಟ್ರಾವರ್ಟೈನ್ ಕಲ್ಲು ಅಡ್ಡಬಿಸಿಲಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ. ಟ್ರಾವರ್ಟೈನ್ ಬೇಗ ಬೆಳ್ಳಗೆ ಸುಟ್ಟುಹೋಗುತ್ತೆ. ಎಕ್ಸ್‌ಪೋಷರ್ −0.7ರಿಂದ ಶುರುಮಾಡಿ, ಹಿಸ್ಟೋಗ್ರಾಂ (ಬೆಳಕು-ನೆರಳಿನ ಹಂಚಿಕೆಯ ಗ್ರಾಫ್) ನೋಡ್ಕೊಳ್ಳಿ.

ಫೋರಂಗೆ ಕ್ಯಾಪಿಟೋಲ್ ಗುಡ್ಡದ ಅರಮನೆಯ ಹಿಂದಿನ ಕಟ್ಟೆ. ನೋಟ ಆಗ್ನೇಯಕ್ಕೆ, ಹಾಗಾಗಿ ಬೆಳಗ್ಗೆ ಸೂರ್ಯ ಲೆನ್ಸಿಗೇ ಹೊಡೆಯುತ್ತೆ. ಸಂಜೆ ನಾಲ್ಕರ ಮೇಲೆ ಹೋಗಿ, ಆದರೆ ಗುಡ್ಡದ ನೆರಳು ಶನಿದೇವಾಲಯದ ಎಂಟು ಕಂಬಗಳನ್ನು ನುಂಗುವ ಮುಂಚೆ. ನಿಮ್ಮ 70–200 ಕೆಲಸಕ್ಕೆ ಬರೋದು ಇಲ್ಲೇ: ಕ್ಯಾಸ್ಟರ್ ದೇಗುಲದ ಮೂರು ಕಂಬಗಳನ್ನು ದೂರದಿಂದ ಬಿಗಿಯಾಗಿ ಹಿಡಿಯಬಹುದು.

ಮೂರುಕಾಲು: ಮಧ್ಯಾಹ್ನವನ್ನು ಪೂರ್ತಿ ಬಿಟ್ಟುಬಿಡಬೇಡಿ. ಅಕ್ಟೋಬರ್ ಮಧ್ಯದಲ್ಲಿ ರೋಮ್‌ನ ನಡುಹಗಲ ಸೂರ್ಯ ಬರೀ 40 ಡಿಗ್ರಿ ಎತ್ತರ, ಬೆಂಗಳೂರಿನ ಬೆಳಗ್ಗೆ ಒಂಬತ್ತರ ಬಿಸಿಲಿನಷ್ಟು. ಪ್ಯಾಂಥಿಯನ್‌ಗೆ ಆ ಹೊತ್ತೇ ಬೇಕು. ಒಳಗೆ ವ್ಯಾಸ, ಎತ್ತರ ಎರಡೂ 43.3 ಮೀಟರ್. ಸೂರ್ಯ 45 ಡಿಗ್ರಿಗಿಂತ ಕೆಳಗಿದ್ದರೆ ಕಿಂಡಿಯ ಬೆಳಕು ನೆಲಕ್ಕೆ ಇಳಿಯಲ್ಲ. ಬಾಗಿಲಿಗಿಂತ ಮೇಲೆ, ಗುಮ್ಮಟದ ಒಳಮೈಯ ಚೌಕಗಳ ಮೇಲೇ ನಿಲ್ಲುತ್ತೆ. ಹಾಗಾಗಿ ಬಾಗಿಲಿಗೆ ಬೆನ್ನು ಹಾಕಿ ನಿಲ್ಲದೆ ಒಳಗೆ ಹೋಗಿ ಹಿಂತಿರುಗಿ ನೋಡಿ.

ಐಎಸ್‌ಒ 1600, ಎಫ್/5.6, 1/60, ರಾ ಫೈಲ್ (ಸಂಸ್ಕರಿಸದ ಮೂಲ ಫೈಲ್), ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಅಂತರದಲ್ಲಿ ಮೂರು ಫ್ರೇಮ್. ಕಿಂಡಿಯೊಳಗೆ ಮೋಡವೂ ಕಾಣಲೇಬೇಕೆಂಬ ಹಠ ಬೇಡ, ಎಚ್‌ಡಿಆರ್ (ಬೇರೆಬೇರೆ ಎಕ್ಸ್‌ಪೋಷರ್‌ಗಳನ್ನು ಬೆರೆಸೋದು) ಎಳೆದಷ್ಟೂ ಗುಮ್ಮಟ ಪ್ಲಾಸ್ಟಿಕ್ ಆಗುತ್ತೆ. 24ರಲ್ಲೂ ಪೂರ್ತಿ ಹಿಡಿಯಲ್ಲ: ಕ್ಯಾಮೆರಾ ಉದ್ದಕ್ಕೆ ಹಿಡಿದು, ಎಕ್ಸ್‌ಪೋಷರ್ ಮ್ಯಾನುಯಲ್‌ನಲ್ಲಿಟ್ಟು, ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ ಹಲವು ಫೋಟೊ ತೆಗೆದು, ಆಮೇಲೆ ಒಂದೇ ಚಿತ್ರವಾಗಿ ಹೊಲಿಯಿರಿ.

ದೊಡ್ಡ ಟ್ರೈಪಾಡ್ ದಂಡವೇ. ಈ ಸ್ಮಾರಕಗಳ ಒಳಗೆ ಅನುಮತಿ ಇಲ್ಲದೆ ಬಿಡಲ್ಲ. ಕಟ್ಟೆ ಮೇಲೆ ಇಡುವ ಗಿಡ್ಡದ್ದು ಸಾಕು. ಡ್ರೋನ್ ಮನೆಯಲ್ಲೇ ಇರಲಿ.

ಕ್ಯಾಮೆರಾಚೀಲ: ಥ್ಯಾಂಕ್ಸ್ ಇಬ್ಬರಿಗೂ. ಟ್ರಾಜನ್ ಚಕ್ರವರ್ತಿಯ ವಿಜಯಸ್ತಂಭದ ಕೆತ್ತನೆ 200 ಎಂಎಂಗೆ ಸಿಗುತ್ತಾ?

ಬಿಸಿಲುಲೆಕ್ಕ: ಕೆಳಗಿನ ಕೆಲವು ಸುತ್ತುಗಳು ಸಿಗುತ್ತವೆ. ಉಬ್ಬು ತೀರಾ ತೆಳು, ಎದುರುಬಿಸಿಲಲ್ಲಿ ಚಪ್ಪಟೆ. ಸ್ತಂಭ ದುಂಡಗಿರೋದೇ ಅನುಕೂಲ: ಬಿಸಿಲು ನೆರಳಿಗೆ ತಿರುಗುವ ಅಂಚು ಯಾವಾಗಲೂ ಒಂದು ಇರುತ್ತೆ, ಅದರ ಎದುರಿಗೆ ನಿಂತು ತೆಗೆಯಿರಿ.